ಮೊಮ್ಮಗಳ ಐನೂರು ಗ್ಯಾಲಿಯನ್

ಮೂವತ್ತೆಂಟು ವರ್ಷ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿ ಲೆಡ್ಜರ್ ಬರೆದು, ಟೋಕನ್ ಕೊಟ್ಟು, ಸಂಜೆಯ ಹೊತ್ತಿಗೆ ಲೆಕ್ಕ ತಾಳೆ ನೋಡಿ, 2010ರಲ್ಲಿ ನಿವೃತ್ತನಾದೆ. ಎರಡೇ ವರ್ಷದಲ್ಲಿ ಇನ್ನೊಂದು ಬ್ಯಾಂಕಿನ ಕೆಲಸ ಹುಡುಕಿಕೊಂಡು ಬಂತು. ಸಂಬಳವಿಲ್ಲ, ಭತ್ಯೆಯಿಲ್ಲ. ಅಲ್ಲಿ ಕೌಂಟರಿನ ಹಿಂದೆ ಕೂರುವವರು ಮನುಷ್ಯರೂ ಅಲ್ಲ. ಗಾಬ್ಲಿನ್ ಎಂಬ ಉದ್ದ ಬೆರಳಿನ ಕುಳ್ಳರು. ಬ್ಯಾಂಕಿನ ಹೆಸರು ಗ್ರಿಂಗಾಟ್ಸ್. ಖಾತೆದಾರಳು ನನ್ನ ಮೊಮ್ಮಗಳು. ಲೆಕ್ಕ ನೋಡಿಕೊಳ್ಳುವ ಗುಮಾಸ್ತ ಮಾತ್ರ ನಾನೇ.

ಮನೆಯಲ್ಲಿ ಮಕ್ಕಳಿರುವವರಿಗೆ ಗ್ರಿಂಗಾಟ್ಸ್ ಅಂದರೆ ಏನೆಂದು ಹೇಳಬೇಕಾಗಿಲ್ಲ. ನನ್ನಂಥ ಅಜ್ಜಂದಿರಿಗಾಗಿ ಎರಡು ಮಾತು. ಇಂಗ್ಲೆಂಡಿನಲ್ಲಿ 1997ರ ಜೂನ್ 26ರಂದು ಹ್ಯಾರಿ ಪಾಟರ್ ಎಂಬ ಹುಡುಗನ ಕಥೆಯ ಮೊದಲ ಪುಸ್ತಕ ಹೊರಬಂತು. ಬರೆದವರು ಜೆ.ಕೆ. ರೌಲಿಂಗ್. ಗಟ್ಟಿ ರಟ್ಟಿನ ಆ ಮೊದಲ ಮುದ್ರಣದಲ್ಲಿ ಅಚ್ಚಾದದ್ದು ಬರೀ 500 ಪ್ರತಿ. ಏಳನೆಯ ಮತ್ತು ಕೊನೆಯ ಪುಸ್ತಕ 2007ರ ಜುಲೈ 21ರಂದು ಬರುವ ಹೊತ್ತಿಗೆ ಮಕ್ಕಳು ಮಧ್ಯರಾತ್ರಿ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಿದ್ದರು. ಹಿಂದಿಗೂ ಅದು ಬಂದಿದೆ. ಭೋಪಾಲದ ಮಂಜುಲ್ ಪಬ್ಲಿಷಿಂಗ್ ಹೌಸ್‌ನವರು ಪ್ರಕಟಿಸಿದರು. ತಂದೆತಾಯಿಯಿಲ್ಲದ ಹುಡುಗನೊಬ್ಬ ತಾನು ಮಂತ್ರವಾದಿಯ ಮಗನೆಂದು ಹನ್ನೊಂದನೆಯ ಹುಟ್ಟುಹಬ್ಬಕ್ಕೆ ತಿಳಿದು, ಹಾಗ್ವರ್ಟ್ಸ್ ಎಂಬ ಮಾಟದ ಶಾಲೆಗೆ ಸೇರುತ್ತಾನೆ. ಅಲ್ಲಿಂದ ಮುಂದೆ ಏಳು ವರ್ಷ, ಏಳು ಪುಸ್ತಕ.

ಪುಸ್ತಕ ಮುಗಿಯಿತು, 2011ರ ಜುಲೈಯಲ್ಲಿ ಕೊನೆಯ ಸಿನಿಮಾನೂ ಬಂತು. ಇನ್ನೇನು, ಆಯಿತಲ್ಲ ಅನ್ನುವಷ್ಟರಲ್ಲಿ ಲೇಖಕಿ ಹೊಸದೊಂದನ್ನು ತೆರೆದರು. ಅದಕ್ಕೆ ಪಾಟರ್‌ಮೋರ್ ಎಂದು ಹೆಸರು. ಪುಸ್ತಕಗಳ ಜೊತೆಗಿಟ್ಟುಕೊಂಡು ನೋಡಲೆಂದು ಅಂತರ್ಜಾಲದಲ್ಲಿ ಕಟ್ಟಿದ ತಾಣ. 2011ರ ಜುಲೈ 31ರಂದು, ಅಂದರೆ ಲೇಖಕಿಗೂ ಕಥೆಯ ಹ್ಯಾರಿಗೂ ಹುಟ್ಟುಹಬ್ಬವಾದ ದಿನ, ಪರೀಕ್ಷಾರ್ಥವಾಗಿ ಬಾಗಿಲು ತೆರೆಯಿತು. ದಿನಕ್ಕೊಂದರಂತೆ ಏಳು ದಿನ ಒಗಟು ಕೊಟ್ಟು, ಬಿಡಿಸಿದ ಹತ್ತು ಲಕ್ಷ ಜನರನ್ನು ಮಾತ್ರ ಮೊದಲು ಒಳಗೆ ಬಿಟ್ಟುಕೊಂಡರು. ಎಲ್ಲರಿಗೂ ಬಾಗಿಲು ತೆರೆದದ್ದು 2012ರ ಏಪ್ರಿಲ್ 14ರಂದು.

ಏಪ್ರಿಲ್ 14 ಎಂದರೆ ನಮ್ಮಲ್ಲಿ ಬೇಸಿಗೆ ರಜೆ. ಮಗಳ ಮಕ್ಕಳಿಬ್ಬರು ಬೆಂಗಳೂರಿನಿಂದ ಮೈಸೂರಿಗೆ ಬಂದಿದ್ದರು. ದೊಡ್ಡವಳಿಗೆ ಹತ್ತು ವರ್ಷ, ಚಿಕ್ಕವನಿಗೆ ಏಳು. ದೊಡ್ಡವಳ ಚೀಲದಲ್ಲಿ ಮೊದಲ ಪುಸ್ತಕವಿತ್ತು, ಅರ್ಧದಲ್ಲಿ ಬಿಟ್ಟದ್ದು. "ತಾತ, ನಿಮ್ಮ ಕಂಪ್ಯೂಟರ್ ಆನ್ ಮಾಡಿ" ಎಂದಳು. ಹದಿಮೂರು ತುಂಬದ ಮಕ್ಕಳಿಗೆ ದೊಡ್ಡವರ ಒಪ್ಪಿಗೆ ಬೇಕಿತ್ತು. ಅವಳಮ್ಮನಿಗೆ ಫೋನ್ ಮಾಡಿ, ಒಪ್ಪಿಗೆ ತರಿಸಿಕೊಂಡು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ.

ಮೊದಲು ನನ್ನ ಗಮನ ಸೆಳೆದದ್ದು ಹೆಸರಿನ ವಿಷಯ. ಬ್ಯಾಂಕಿನವನಲ್ಲವೇ, ಖಾತೆ ತೆರೆಯುವ ಅರ್ಜಿ ನೋಡುವ ಕಣ್ಣೇ ಬೇರೆ. ನಮ್ಮ ಬ್ಯಾಂಕುಗಳಲ್ಲಿ ಹೆಸರು, ತಂದೆಯ ಹೆಸರು, ವಿಳಾಸ, ಫೋಟೊ, ಸಹಿ, ಎಲ್ಲವನ್ನೂ ಕೇಳಿ ಪಡೆಯುತ್ತೇವೆ. ಕೆವೈಸಿ ಇಲ್ಲದೆ ಒಂದು ರೂಪಾಯಿಯ ಖಾತೆಯೂ ಇಲ್ಲ. ಅಲ್ಲಿ ತದ್ವಿರುದ್ಧ. ಮಗು ತನ್ನ ನಿಜವಾದ ಹೆಸರಿನಿಂದ ಒಳಗೆ ಹೋಗುವಂತೆಯೇ ಇಲ್ಲ! ಮಾಟ ಮಂತ್ರದ ಎರಡು ಪದ, ಹಿಂದೆ ಒಂದು ಸಂಖ್ಯೆ, ಹೀಗೆ ಜೋಡಿಸಿದ ಕೆಲವು ಹೆಸರುಗಳನ್ನು ಅವರೇ ಮುಂದಿಡುತ್ತಿದ್ದರು. ಅದರಲ್ಲೊಂದನ್ನು ಆರಿಸಿಕೊಳ್ಳಬೇಕು. ಮೊಮ್ಮಗಳಿಗೆ ಬೇಸರವಾಯಿತು, ತನ್ನ ಹೆಸರು ಎಲ್ಲರಿಗೂ ಕಾಣಬೇಕೆಂದು ಅವಳ ಆಸೆ. ನನಗೆ ಮಾತ್ರ ಆ ಏರ್ಪಾಟು ಮಾಡಿದವರ ಮೇಲೆ ಗೌರವ ಹುಟ್ಟಿತು. ಯಾವ ಊರಿನ, ಯಾವ ಶಾಲೆಯ ಯಾವ ಮಗು ಇದು ಎಂದು ಇನ್ನೊಬ್ಬರಿಗೆ ಗೊತ್ತಾಗದಂತೆ ಬೇಲಿ ಹಾಕಿದ್ದರು. ಇವತ್ತು ಮಕ್ಕಳು ಬಣ್ಣದ ಬಲೂನು ಒಡೆಯುವ ಆಟಕ್ಕೂ ಮೊಬೈಲ್ ನಂಬರು, ಫೋಟೊ ಕೊಟ್ಟು ಕೂರುವುದನ್ನು ನೋಡಿದಾಗಲೆಲ್ಲ ಆ ಬೇಲಿ ನೆನಪಾಗುತ್ತದೆ.

ಒಳಗೆ ಹೋದರೆ ಏನಿತ್ತು? ಪುಸ್ತಕದ ಅಧ್ಯಾಯ ಒಂದೊಂದಕ್ಕೂ ಎರಡು ಮೂರು ದೊಡ್ಡ ಚಿತ್ರಗಳು. ನಾಟಕದ ಪರದೆಗಳ ಹಾಗೆ ಒಂದರ ಹಿಂದೊಂದು ಪದರ. ಚಿತ್ರದ ಒಳಕ್ಕೆ ಒಳಕ್ಕೆ ಹೋಗಬಹುದು. ಮೂಲೆಯಲ್ಲಿ ನಾಣ್ಯವೋ, ಪುಸ್ತಕವೋ, ಚಾಕಲೇಟಿನ ಜೊತೆ ಸಿಗುವ ಕಾರ್ಡೋ ಅಡಗಿರುತ್ತಿತ್ತು. ಹುಡುಕಿದರೆ ನಮ್ಮದು. ಆದರೆ ಕಥೆಯ ಪೂರ್ತಿ ಪಾಠ ಅಲ್ಲಿರಲಿಲ್ಲ. ಚಿತ್ರ ಅರ್ಥವಾಗಬೇಕಾದರೆ ಪುಸ್ತಕ ಓದಿರಬೇಕು. ಚದುರಂಗದ ಕಾಯಿಗಳು ಆಳೆತ್ತರ ನಿಂತಿದ್ದರೆ, ಅವು ಯಾಕೆ ನಿಂತಿವೆ, ಯಾರು ಯಾವ ಕಾಯಿಯ ಜಾಗದಲ್ಲಿ ನಿಂತು ಆಡಿದರು ಎಂಬುದು ಪುಸ್ತಕದಲ್ಲಿದೆ, ಪರದೆಯ ಮೇಲಿಲ್ಲ. ಅರ್ಧಕ್ಕೆ ಬಿಟ್ಟಿದ್ದ ಪುಸ್ತಕವನ್ನು ಮೊಮ್ಮಗಳು ಅವತ್ತು ರಾತ್ರಿಯೇ ಮತ್ತೆ ತೆಗೆದಳು.

ಈ ರೀತಿ ನಮಗೆ ಹೊಸದೇನಲ್ಲ. ಗಮಕ ವಾಚನ ಕೇಳಿದವರಿಗೆ ಗೊತ್ತು. ಗಮಕಿ ಕುಮಾರವ್ಯಾಸನ ಭಾರತವನ್ನು ಹಾಡುತ್ತಾರೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಒಂದು ಪದ್ಯ ಮುಗಿದ ಕೂಡಲೇ ಅದರ ಅರ್ಥ, ಹಿಂದಿನ ಕಥೆ, ಒಂದು ಉಪಕಥೆ, ನಡುವೆ ಒಂದು ನಗೆಮಾತು ಎಲ್ಲ ಸೇರಿಸಿ ಬಿಡಿಸುತ್ತಾರೆ. ವ್ಯಾಖ್ಯಾನ ಎಷ್ಟೇ ಚೆನ್ನಾಗಿದ್ದರೂ ಕಾವ್ಯದ ಜಾಗದಲ್ಲಿ ಅದು ಕೂರುವುದಿಲ್ಲ. ಮನೆಗೆ ಹೋಗಿ ಆ ಪರ್ವ ತೆಗೆದು ಓದೋಣ ಅನ್ನಿಸಿದರೆ ವ್ಯಾಖ್ಯಾನಕಾರರು ಗೆದ್ದ ಹಾಗೆ. ಪಾಟರ್‌ಮೋರ್ ಮೊದಲ ಮೂರು ವರ್ಷ ಮಾಡಿದ್ದು ಇದೇ ವ್ಯಾಖ್ಯಾನಕಾರನ ಕೆಲಸ. ಅಧ್ಯಾಯಗಳನ್ನೂ ಒಂದೇ ಸಲ ಬಿಡಲಿಲ್ಲ, ವಾರಪತ್ರಿಕೆಯ ಧಾರಾವಾಹಿಯ ಹಾಗೆ ಕಂತುಕಂತಾಗಿ ಬಿಟ್ಟರು.

ಇನ್ನು ನನ್ನ ಇಲಾಖೆಗೆ ಬರೋಣ. ಹೊಸದಾಗಿ ಬಂದ ಪ್ರತಿ ಮಗುವಿಗೂ ಗ್ರಿಂಗಾಟ್ಸ್ ಬ್ಯಾಂಕಿನಲ್ಲಿ 500 ಗ್ಯಾಲಿಯನ್ ಇರುತ್ತಿತ್ತು. ಅದರಲ್ಲೇ ಶಾಲೆಗೆ ಬೇಕಾದ ಕೊಪ್ಪರಿಗೆ, ಪುಸ್ತಕ, ಸಾಕುಪ್ರಾಣಿ ಎಲ್ಲವನ್ನೂ ಕೊಳ್ಳಬೇಕು. "ಎಷ್ಟು ಖರ್ಚು ಮಾಡಲಿ ತಾತ?" ಎಂದಳು. ಹಳೆಯ ಉದ್ದನೆಯ ಲೆಕ್ಕದ ಪುಸ್ತಕವೊಂದನ್ನು ಅಟ್ಟದಿಂದ ಇಳಿಸಿ, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಎಂದು ಗೆರೆ ಹಾಕಿ ಕೊಟ್ಟೆ. ಆರಂಭ ಶಿಲ್ಕು, 500 ಗ್ಯಾಲಿಯನ್. ಮೊದಲ ಖರ್ಚು, ಒಂದು ಗೂಬೆ. ಅಡುಗೆಮನೆಯಿಂದ ನನ್ನಾಕೆ ಹೊರಗೆ ಬಂದು, "ಏನೇ ಇದು, ದುಡ್ಡು ಕೊಟ್ಟು ಮನೆಯೊಳಗೆ ಗೂಬೆ ತರ್ತಾರೇನೇ!" ಎಂದಳು. ಆ ದೇಶದ ಮಾಂತ್ರಿಕರಿಗೆ ಗೂಬೆಯೇ ಅಂಚೆಯವನೆಂದು ಮೊಮ್ಮಗಳು ಸಮಾಧಾನ ಹೇಳಬೇಕಾಯಿತು. "ಬೆಕ್ಕು ಸಿಗ್ತಿರ್ಲಿಲ್ವಾ?" ಎಂದು ಕೇಳಿ ಅವಳು ಒಳಗೆ ಹೋದಳು.

ಆ ನಾಣ್ಯಗಳ ಲೆಕ್ಕವೇ ಒಂದು ಸೊಗಸು. ಚಿನ್ನದ ಗ್ಯಾಲಿಯನ್ ಒಂದಕ್ಕೆ ಬೆಳ್ಳಿಯ ಸಿಕಲ್ 17. ಸಿಕಲ್ ಒಂದಕ್ಕೆ ಕಂಚಿನ ನಟ್ 29. ಅಂದರೆ ಗ್ಯಾಲಿಯನ್‌ಗೆ 493 ನಟ್. ಹದಿನೇಳೂ ಇಪ್ಪತ್ತೊಂಬತ್ತೂ ಯಾವ ಸಂಖ್ಯೆಯಿಂದಲೂ ಭಾಗವಾಗದ ಹಠಮಾರಿಗಳು. ಅರ್ಧ ಗ್ಯಾಲಿಯನ್ ಕೊಡಿ ಎಂದರೆ ಎಂಟೂವರೆ ಸಿಕಲ್. ಆ ಅರ್ಧ ಸಿಕಲ್ ಅಂದರೆ ಹದಿನಾಲ್ಕೂವರೆ ನಟ್. ಚಿಲ್ಲರೆ ಕೊಡುವ ಕ್ಯಾಷಿಯರ್ ತಲೆ ಚಚ್ಚಿಕೊಳ್ಳಬೇಕು! ಇಂಥ ಲೆಕ್ಕ ಯಾರ ತಲೆಗೆ ಹೊಳೆಯಿತು ಎಂದು ಮೊಮ್ಮಗಳು ನಕ್ಕಳು. ನಾನು ನಗಲಿಲ್ಲ. ನಾನು ಹುಟ್ಟಿದ ಕಾಲದಲ್ಲಿ ನಮ್ಮ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಇಂಗ್ಲೆಂಡಿನಲ್ಲಿ ಪೌಂಡಿಗೆ 20 ಶಿಲಿಂಗ್, ಶಿಲಿಂಗಿಗೆ 12 ಪೆನ್ಸ್, ಒಟ್ಟು 240.

ನಮ್ಮಲ್ಲಿ ದಶಮಾಂಶ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ನನಗಾಗ ಏಳು ವರ್ಷ. ನಯಾಪೈಸೆ ಎಂಬ ಪುಟಾಣಿ ತಾಮ್ರದ ಬಿಲ್ಲೆ ಕೈಗೆ ಬಂತು. ಹಳೆಯದೂ ಹೊಸದೂ ಕೆಲವು ವರ್ಷ ಜೊತೆಯಲ್ಲೇ ನಡೆದವು. ಒಂದಾಣೆಗೆ ಆರು ನಯಾಪೈಸೆ, ಎರಡಾಣೆಗೆ ಹನ್ನೆರಡು, ಆದರೆ ನಾಲ್ಕಾಣೆಗೆ ಇಪ್ಪತ್ತನಾಲ್ಕಲ್ಲ, ಇಪ್ಪತ್ತೈದು! ಅಂಗಡಿಯಲ್ಲಿ ಒಂದೊಂದಾಣೆಯಂತೆ ನಾಲ್ಕು ಸಲ ಕೊಂಡರೆ ಒಂದು ಪೈಸೆ ನಮಗೆ ಉಳಿತಾಯ. ಇದನ್ನು ಕಂಡುಹಿಡಿದ ನಮ್ಮ ಬೀದಿಯ ಹುಡುಗರೆಲ್ಲ ಕಡಲೆಮಿಠಾಯಿಯನ್ನು ಕಂತಿನಲ್ಲಿ ಕೊಳ್ಳತೊಡಗಿದೆವು. ಇಂಗ್ಲೆಂಡಿನವರು ಬದಲಾಯಿಸಿದ್ದು 1971ರ ಫೆಬ್ರುವರಿ 15ರಂದು. 1965ರಲ್ಲಿ ಹುಟ್ಟಿದ ರೌಲಿಂಗ್ ಅವರಿಗೆ ಆಗ ಐದು ವರ್ಷ. ಮಾಟದ ಬ್ಯಾಂಕಿನ ನಾಣ್ಯಗಳು ಆಕಾಶದಿಂದ ಬಿದ್ದವಲ್ಲ, ಅವರ ಅಜ್ಜ ಅಜ್ಜಿಯರ ಕಾಲದ ತೊಡಕು ಲೆಕ್ಕವನ್ನು ಸ್ವಲ್ಪ ಹಿಗ್ಗಿಸಿದ ಹಾಗಿದೆ ಎಂದೆ. ಅವತ್ತು ಮೊಮ್ಮಗಳು ನನ್ನನ್ನು ಸ್ವಲ್ಪ ಮಾಂತ್ರಿಕನ ಹಾಗೆ ನೋಡಿದಳು. ಆಣೆಯಲ್ಲಿ ಲೆಕ್ಕ ಹಾಕಬಲ್ಲ ತಾತ!

"ಗ್ರಿಂಗಾಟ್ಸ್ ಬಡ್ಡಿ ಕೊಡುತ್ತಾ?" ಎಂದು ಚಿಕ್ಕವನು ಕೇಳಿದ. ಒಳ್ಳೆಯ ಪ್ರಶ್ನೆ. ಪುಸ್ತಕದಲ್ಲಿ ಹ್ಯಾರಿಯ ಚಿನ್ನ ಒಂದು ಕೋಣೆಯಲ್ಲಿ ರಾಶಿ ಬಿದ್ದಿರುತ್ತದೆ. ಬೀಗದ ಕೈ ತೋರಿಸಿದರೆ ಗಾಬ್ಲಿನ್ ಕರೆದುಕೊಂಡು ಹೋಗಿ ತೆರೆಯುತ್ತದೆ. ಅದೇ ಪುಸ್ತಕದ 713ನೇ ಕೋಣೆಗೆ ಬೀಗದ ಕೈಯೂ ಇಲ್ಲ, ಗಾಬ್ಲಿನ್‌ನ ಬೆರಳೇ ಕೀಲಿ. ಇದು ನಮ್ಮ ಲಾಕರ್ ಇದ್ದ ಹಾಗೆ, ಉಳಿತಾಯ ಖಾತೆಯ ಹಾಗಲ್ಲ. ಲಾಕರಿನಲ್ಲಿಟ್ಟ ಒಡವೆ ಹತ್ತು ವರ್ಷದ ಮೇಲೆ ತೆಗೆದರೂ ಅಷ್ಟೇ ಇರುತ್ತದೆ. ಖಾತೆಗೆ ಹಾಕಿದ ಹಣ ಮಾತ್ರ ಒಂದೇ ಕಡೆ ಕೂರುವುದಿಲ್ಲ. ಒಬ್ಬ ರೈತನಿಗೆ ಪಂಪ್‌ಸೆಟ್ಟಾಗಿ, ಒಬ್ಬ ಹುಡುಗಿಗೆ ಕಾಲೇಜು ಶುಲ್ಕವಾಗಿ ಓಡಾಡಿಕೊಂಡು ಬರುತ್ತದೆ. ಅದರ ಓಡಾಟದ ಕೂಲಿಯೇ ಬಡ್ಡಿ. ಬಿಕಾಂನಲ್ಲಿ ಮೂರು ವರ್ಷ ಓದಿದ್ದನ್ನು ಏಳು ವರ್ಷದ ಹುಡುಗನಿಗೆ ಐದು ನಿಮಿಷದಲ್ಲಿ ಹೇಳಿದೆ. "ಹಾಗಾದ್ರೆ ಗ್ರಿಂಗಾಟ್ಸ್‌ಗಿಂತ ನಿಮ್ಮ ಬ್ಯಾಂಕೇ ವಾಸಿ" ಎಂದು ತೀರ್ಪು ಕೊಟ್ಟ.

ಕಷಾಯ ಕಾಯಿಸುವ ಆಟ ಇನ್ನೊಂದು. ಪುಸ್ತಕದ ಮೊದಲ ಪಾಠದಲ್ಲಿ ಬರುವ ಕುರುವಿನ ಮದ್ದನ್ನೇ ಅಲ್ಲಿಯೂ ಮಾಡಬೇಕು. ಹಾವಿನ ಹಲ್ಲು ಅರೆದು ಹಾಕಿ, ಕೊಪ್ಪರಿಗೆಯನ್ನು ಉರಿಗಿಟ್ಟು, ನಿಜವಾಗಿಯೂ ಗಡಿಯಾರ ನೋಡಿಕೊಂಡು ಕಾಯಬೇಕು. ಹೊತ್ತಿಗೆ ಸರಿಯಾಗಿ ಬಂದು ಮುಂದಿನ ಹಂತ ಮಾಡದಿದ್ದರೆ ಮದ್ದು ಹಾಳು. "ಕುರುವಿಗೆ ಅರಿಶಿನ ಹಚ್ಚಿದ್ರೆ ಆಗಲ್ವಾ?" ಎಂದು ಅಜ್ಜಿಯ ಟೀಕೆ. ಕೊಪ್ಪರಿಗೆ ಕುದಿಯುವಷ್ಟು ಹೊತ್ತು ಪರದೆಯ ಮುಂದೆ ಕೂರುವಂತಿಲ್ಲ, ಪುಸ್ತಕ ಹಿಡಿಯಬೇಕು ಎಂಬ ನಿಯಮವನ್ನು ನಾನು ಹಾಕಿದೆ. ಒಂದು ಮದ್ದು ಕುದಿಯುವಷ್ಟರಲ್ಲಿ ಒಂದೆರಡು ಅಧ್ಯಾಯ. ಎರಡು ಸಲ ಕರೆಂಟು ಹೋಗಿ ಮದ್ದು ಕೆಟ್ಟಿತು, ಆದರೆ ಓದಿದ್ದು ಕೆಡಲಿಲ್ಲ.

ಮೂರನೆಯ ದಿನ ಟೊಪ್ಪಿ ಬಂತು. ಹಾಗ್ವರ್ಟ್ಸ್ ಶಾಲೆಯಲ್ಲಿ ನಾಲ್ಕು ಬಣಗಳಿವೆ. ಧೈರ್ಯವಂತರಿಗೆ ಗ್ರಿಫಿಂಡರ್, ಬುದ್ಧಿವಂತರಿಗೆ ರೇವನ್‌ಕ್ಲಾ, ನಿಷ್ಠೆಯಿಂದ ದುಡಿಯುವವರಿಗೆ ಹಫಲ್‌ಪಫ್, ಮಹತ್ವಾಕಾಂಕ್ಷೆಯವರಿಗೆ ಸ್ಲಿದರಿನ್. ಕಥೆಯ ನಾಯಕ ಗ್ರಿಫಿಂಡರಿನವನು, ಖಳರಲ್ಲಿ ಬಹುಪಾಲು ಸ್ಲಿದರಿನ್‌ನವರು. ಹನ್ನೊಂದು ವರ್ಷದ ಮಗುವಿನ ತಲೆಯ ಮೇಲೆ ಮಾತನಾಡುವ ಟೊಪ್ಪಿಯೊಂದನ್ನಿಟ್ಟರೆ, ಅದು ಮನಸ್ಸನ್ನು ಓದಿ ಇಂಥ ಬಣ ಎಂದು ಕೂಗುತ್ತದೆ. ಪಾಟರ್‌ಮೋರ್‌ನಲ್ಲಿ ಟೊಪ್ಪಿಯ ಬದಲು ಕೆಲವು ಪ್ರಶ್ನೆಗಳು. ಚಂದ್ರನೋ ನಕ್ಷತ್ರವೋ, ಎಡದ ದಾರಿಯೋ ಬಲದ ದಾರಿಯೋ, ಇಂಥವು. ಆ ಪ್ರಶ್ನೆಗಳನ್ನು ಲೇಖಕಿಯೇ ಬರೆದಿದ್ದರು. ಒಂದು ಸಲ ಉತ್ತರ ಬಂದರೆ ಮುಗಿಯಿತು, ಅದೇ ಖಾತೆಯಲ್ಲಿ ಮತ್ತೆ ಪರೀಕ್ಷೆ ಬರೆಯುವಂತಿಲ್ಲ.

ಮೊಮ್ಮಗಳಿಗೆ ಸ್ಲಿದರಿನ್ ಬಂತು. ಪರದೆ ಹಸಿರಾಯಿತು, ಹಾವಿನ ಲಾಂಛನ ಮೂಡಿತು. ಮಗು ಮಾತಿಲ್ಲದೆ ಎದ್ದು ಹೋಗಿ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಊಟಕ್ಕೆ ಕರೆದರೂ ಬರಲಿಲ್ಲ. "ನಾನು ಕೆಟ್ಟವಳಾ ತಾತ?" ಎಂದಾಗ ಅವಳ ತುಟಿ ನಡುಗುತ್ತಿತ್ತು. ಬರೀ ಆಟ ಬಿಡು ಎನ್ನುವುದು ಸುಲಭ. ಆದರೆ ಹತ್ತು ವರ್ಷದ ಮಗುವಿಗೆ, ಹೊರಗಿನವರು ಯಾರೋ ತನ್ನನ್ನು ತೂಗಿ ನೋಡಿ ಕೆಟ್ಟವರ ಸಾಲಿನಲ್ಲಿ ನಿಲ್ಲಿಸಿದರು ಎಂಬುದು ಆಟವಲ್ಲ.

ನಮ್ಮ ಮನೆಗಳಲ್ಲಿ ಟೊಪ್ಪಿ ಇಲ್ಲದೆಯೇ ಈ ಕೆಲಸ ನಡೆಯುತ್ತದೆ. "ಇವನು ಲೆಕ್ಕದಲ್ಲಿ ಹುಷಾರು, ಇವಳು ಮಾತುಗಾತಿ, ಆ ಇನ್ನೊಬ್ಬ ಇದ್ದಾನಲ್ಲ, ಅವನು ಹಾಗೇ" ಎಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಮಕ್ಕಳ ಎದುರೇ ವಿಂಗಡಿಸುತ್ತೇವೆ. ಎಸ್ಸೆಸ್ಸೆಲ್ಸಿ ಅಂಕ ನೋಡಿ ಸೈನ್ಸು, ಕಾಮರ್ಸು, ಆರ್ಟ್ಸು ಎಂದು ಮೂರು ಬಣ ಮಾಡುತ್ತೇವೆ. ನನ್ನನ್ನೂ ಹಾಗೆಯೇ ಕಾಮರ್ಸಿಗೆ ಕಳಿಸಿದರು. ನೀನೇನು ಓದಬೇಕೆಂದಿದ್ದೀಯೆ ಎಂದು ಯಾರೂ ಕೇಳಲಿಲ್ಲ. ಕಾಮರ್ಸು ನನಗೆ ಅನ್ನ ಕೊಟ್ಟಿತು, ಆ ಋಣ ಇದೆ. ಆದರೂ ಕೇಳಬಹುದಾಗಿತ್ತು.

ಆ ರಾತ್ರಿ ಅಜ್ಜಿ ಮೆಟ್ಟಿಲ ಮೇಲೆ ಮೊಮ್ಮಗಳ ಪಕ್ಕ ಕೂತಳು. ಕೈಯಲ್ಲಿ ಮೊಸರನ್ನದ ಬಟ್ಟಲು. "ಆ ಮನೇಲಿ ಒಳ್ಳೆಯವರು ಒಬ್ರೂ ಇಲ್ವಾ ಪುಟ್ಟಿ?" ಎಂದು ಕೇಳಿದಳು. "ಗೊತ್ತಿಲ್ಲ." "ಕೌರವರ ಮನೇಲಿ ವಿಕರ್ಣ ಇರ್ಲಿಲ್ವೇ? ನೂರು ಜನ ಅಣ್ಣತಮ್ಮಂದಿರಲ್ಲಿ, ದ್ರೌಪದೀನ ಸಭೆಗೆ ಎಳಕೊಂಡು ಬಂದಾಗ, ಇದು ಅನ್ಯಾಯ ಅಂತ ಎದ್ದು ನಿಂತೋನು ಅವನೊಬ್ಬನೇ. ಲಂಕೇಲಿ ವಿಭೀಷಣ ಇರ್ಲಿಲ್ವೇ? ಮನೆ ಯಾವುದಾದ್ರೇನು, ಹೋಗಿ ಹುಡುಕು."

ಮರುದಿನ ಬೆಳಗ್ಗೆ ಮೊಮ್ಮಗಳು ಹುಡುಕತೊಡಗಿದಳು. ಮೊದಲು ಸಿಕ್ಕಿದ್ದು ಆ ತಾಣದಲ್ಲೇ. ಹೊಸಬರನ್ನು ಸ್ವಾಗತಿಸುವ ಪತ್ರವೊಂದು ಒಂದೊಂದು ಬಣಕ್ಕೂ ಇತ್ತು. ಸ್ಲಿದರಿನ್‌ನ ಪತ್ರದಲ್ಲಿ, ನಮ್ಮ ಬಗ್ಗೆ ಹೊರಗಿನವರು ಆಡುವುದೆಲ್ಲ ನಿಜವಲ್ಲ ಎಂದು ಹೇಳಿ, ಮಹಾಮಾಂತ್ರಿಕ ಮರ್ಲಿನ್ ಕೂಡ ನಮ್ಮ ಬಣದವನೇ ಎಂದು ಬರೆದಿತ್ತು. ಅವಳಿಗೆ ಅಷ್ಟು ಸಾಲಲಿಲ್ಲ. ಪುಸ್ತಕದಲ್ಲೇ ಸಾಕ್ಷಿ ಬೇಕು ಎಂದಳು. ಮೊದಲ ಪುಸ್ತಕ ಮುಗಿಯಿತು, ಸಿಗಲಿಲ್ಲ. ಎರಡನೆಯದನ್ನು ಪೇಟೆಯಿಂದ ತಂದೆವು. ಟೊಪ್ಪಿ ಹ್ಯಾರಿಯನ್ನೂ ಸ್ಲಿದರಿನ್‌ಗೆ ಹಾಕಬೇಕೆಂದಿತ್ತು, ಅವನು ಬೇಡವೆಂದು ಬೇಡಿಕೊಂಡದ್ದರಿಂದ ಬಿಟ್ಟಿತು. ಆ ಆಯ್ಕೆಯೇ ಅವನೇನೆಂಬುದನ್ನು ಹೇಳುತ್ತದೆ ಎಂಬ ಅರ್ಥದ ಮಾತನ್ನು ಆ ಶಾಲೆಯ ಮುಖ್ಯೋಪಾಧ್ಯಾಯರು ಎರಡನೆಯ ಪುಸ್ತಕದ ಕೊನೆಗೆ ಆಡುತ್ತಾರೆ. ಆ ಪುಟಕ್ಕೆ ಅವಳು ನವಿಲುಗರಿ ಇಟ್ಟುಕೊಂಡಳು. ಹೀಗೆ ಹುಡುಕುತ್ತ ಹುಡುಕುತ್ತ ಒಂದೂವರೆ ವರ್ಷದಲ್ಲಿ ಏಳನ್ನೂ ಮುಗಿಸಿದಳು. ಏಳನೆಯದರಲ್ಲಿ ಅವಳ ವಿಕರ್ಣ ಸಿಕ್ಕಿದ. ಅವನು ಯಾರೆಂದು ಹೇಳಿ ಇನ್ನೂ ಓದದಿರುವ ಮಕ್ಕಳ ಸಂತೋಷ ಕೆಡಿಸುವುದಿಲ್ಲ. ಆ ರಾತ್ರಿ ಹತ್ತೂವರೆಗೆ ಬೆಂಗಳೂರಿನಿಂದ ಫೋನು ಬಂತು. "ಅಜ್ಜಿ ಎಲ್ಲಿ? ಸಿಕ್ಕಿದ ಅಂತ ಹೇಳಿ!"

ಪಾಟರ್‌ಮೋರ್‌ನಲ್ಲಿ ನನಗೆ ಹಿಡಿಸಿದ ಇನ್ನೊಂದು ಭಾಗ, ಪುಸ್ತಕದಲ್ಲಿ ಹೇಳದೆ ಉಳಿದ ಸಂಗತಿಗಳನ್ನು ಲೇಖಕಿಯೇ ಅಲ್ಲಿ ಬರೆಯುತ್ತಿದ್ದುದು. ಮಿನರ್ವಾ ಮೆಕ್‌ಗೊನಗಾಲ್ ಎಂಬ ಶಿಕ್ಷಕಿಯೊಬ್ಬರು ಕಥೆಯಲ್ಲಿ ಬರುತ್ತಾರೆ. ಬಿಗಿಯಾದ ಗಂಟು, ಚೌಕದ ಕನ್ನಡಕ, ನಗುವೇ ಅಪರೂಪ. ಅವರ ಹಿಂದಿನ ಬದುಕು ಅಲ್ಲಿತ್ತು. ತಂದೆ ಸ್ಕಾಟ್ಲೆಂಡಿನ ಪಾದ್ರಿ, ತಾಯಿ ಮಾಟ ಬಲ್ಲವಳು. ಗಂಡನ ಜೊತೆ ಬಾಳುವುದಕ್ಕಾಗಿ ಆಕೆ ತನ್ನ ವಿದ್ಯೆಯನ್ನೆಲ್ಲ ಬಚ್ಚಿಟ್ಟಳು. ಹದಿನೆಂಟರ ಮಿನರ್ವಾ ಊರಿನ ರೈತನೊಬ್ಬನ ಮಗನನ್ನು ಮೆಚ್ಚಿ, ಮದುವೆಗೆ ಒಪ್ಪಿಯೂ ಒಪ್ಪಿ, ತಾಯಿಯ ಬಾಳು ಕಣ್ಣೆದುರು ಬಂದು, ಮರುದಿನವೇ ಬೇಡವೆಂದಳು. ಅವನ ಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. ಮೊಮ್ಮಗಳು ಇದನ್ನು ಕನ್ನಡದಲ್ಲಿ ಹೇಳುತ್ತಿದ್ದರೆ ಅಜ್ಜಿ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು. "ನಮ್ಮ ಹೈಸ್ಕೂಲಿನ ಲೆಕ್ಕದ ಮೇಡಂ ಕೂಡ ಮದುವೆ ಆಗಿರ್ಲಿಲ್ಲ. ನಾವು ಹಿಂದೆ ಏನೇನೋ ಆಡ್ಕೊತಿದ್ವಿ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಯಾರಿಗೆ ಗೊತ್ತು" ಎಂದಳು. ಶಾಲೆಯ ಬಿಗಿ ಮುಖದ ಹಿಂದೆ ಒಂದು ಬದುಕಿರುತ್ತದೆ ಎಂದು ಅರವತ್ತರ ಅಜ್ಜಿಯೂ ಹತ್ತರ ಮೊಮ್ಮಗಳೂ ಒಟ್ಟಿಗೆ ಯೋಚಿಸಿದ ಮಧ್ಯಾಹ್ನ ಅದು. ಇಂಥ ಬರಹಗಳಲ್ಲಿ ಕೆಲವು 2016ರಲ್ಲಿ ಮೂರು ಪುಟ್ಟ ಇ-ಪುಸ್ತಕಗಳಾಗಿ ಬಂದವು.

ತಾಣ ಮಾತ್ರ ಹಾಗೇ ಉಳಿಯಲಿಲ್ಲ. 2015ರ ಸೆಪ್ಟೆಂಬರಿನಲ್ಲಿ ಅದನ್ನು ಹೊಸದಾಗಿ ಕಟ್ಟಿದರು. ಅಧ್ಯಾಯದ ಚಿತ್ರಗಳು, ಕೊಪ್ಪರಿಗೆ, ಬಣಗಳ ಅಂಕದ ಪೈಪೋಟಿ, ಗ್ರಿಂಗಾಟ್ಸ್ ಎಲ್ಲ ಹೋದವು. ಸುದ್ದಿ, ಲೇಖನಗಳ ತಾಣವಾಯಿತು. ಟೊಪ್ಪಿ ಮರುವರ್ಷ ಬೇರೆ ರೂಪದಲ್ಲಿ ವಾಪಸು ಬಂತು. 2019ರ ಅಕ್ಟೋಬರಿನಲ್ಲಿ ಪಾಟರ್‌ಮೋರ್ ತಾಣದ ಜಾಗಕ್ಕೆ ವಿಝಾರ್ಡಿಂಗ್ ವರ್ಲ್ಡ್ ಎಂಬ ಬೇರೆ ತಾಣವೇ ಬಂತು. ಕಟ್ಟಿದವರ ವಸ್ತು, ಬದಲಾಯಿಸುವುದು ಅವರ ಹಕ್ಕು. ಆಟದ ಗ್ಯಾಲಿಯನ್‌ಗೆ ಯಾರೂ ರಸೀದಿ ಕೊಟ್ಟಿರಲಿಲ್ಲ.

ಆದರೂ ಬ್ಯಾಂಕಿನವನ ತಲೆ ಸುಮ್ಮನಿರುವುದಿಲ್ಲ. ನಮ್ಮ ದೇಶದ ಬ್ಯಾಂಕಿನಲ್ಲಿ ಯಾರಾದರೂ ಹತ್ತು ವರ್ಷ ಮುಟ್ಟದೆ ಬಿಟ್ಟ ಠೇವಣಿ ರಿಸರ್ವ್ ಬ್ಯಾಂಕಿನ ಒಂದು ನಿಧಿಗೆ ಹೋಗುತ್ತದೆ; 2014ರಿಂದ ಆ ಏರ್ಪಾಟಿದೆ. ಹಾಗೆ ಹೋದ ಮೇಲೂ ಖಾತೆದಾರನೋ ವಾರಸುದಾರನೋ ಬಂದು ಕೇಳಿದರೆ ಕೊಡಬೇಕು. ಬ್ಯಾಂಕೇ ಮುಳುಗಿದರೂ ಒಬ್ಬ ಠೇವಣಿದಾರನಿಗೆ ಐದು ಲಕ್ಷ ರೂಪಾಯಿವರೆಗೆ ವಿಮೆ ಇದೆ. ಮಕ್ಕಳು ಪರದೆಯ ಮೇಲೆ ಕೂಡಿಸಿಡುವ ನಾಣ್ಯ, ಪದಕ, ಅಂಕಗಳಿಗೆ ಇಂಥ ಯಾವ ಕಾಯಿದೆಯೂ ಇಲ್ಲ. ಅಲ್ಲಿ ನಾವು ಬಾಡಿಗೆದಾರರೂ ಅಲ್ಲ, ಅತಿಥಿಗಳು. ಇದನ್ನು ಮಕ್ಕಳಿಗೆ ಮೊದಲೇ ಹೇಳಿಡುವುದು ಒಳ್ಳೆಯದು. ಹೆದರಿಸುವುದಕ್ಕಲ್ಲ. ಯಾವುದು ಕೈಯಲ್ಲಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬ ಅಂದಾಜು ಇರಲಿ ಅಂತ.

ಮೊಮ್ಮಗಳಿಗೆ ಆಗ ಹದಿಮೂರು. ಸುದ್ದಿ ಕೇಳಿ ಅಳುತ್ತಾಳೇನೋ ಅಂದುಕೊಂಡಿದ್ದೆ, ಅಳಲಿಲ್ಲ. "ನನ್ನ ಲೆಕ್ಕದ ಪುಸ್ತಕ ಇದೆಯಲ್ಲ ತಾತ" ಎಂದಳು. ಇತ್ತು. ಗೂಬೆಯಿಂದ ಹಿಡಿದು ಕೊನೆಯ ಕೊಪ್ಪರಿಗೆಯವರೆಗೆ ಮೂರು ವರ್ಷದ ಜಮಾ ಖರ್ಚು, ನಡುನಡುವೆ ಅವಳು ಬರೆದುಕೊಂಡ ಟಿಪ್ಪಣಿಗಳು, ಚಿಕ್ಕವನು ಗೀಚಿದ ಹಾವು. ಕೊನೆಯ ಪುಟದಲ್ಲಿ ಅಖೈರು ಶಿಲ್ಕು ಬರೆದು, ಎರಡು ಗೆರೆ ಎಳೆದು, ಕೆಳಗೆ ಸಹಿ ಹಾಕಿದಳು. ಖಾತೆ ಮುಗಿಸುವ ಕ್ರಮವನ್ನು ನಾನೇ ಹೇಳಿಕೊಟ್ಟಿದ್ದೆ.

ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ಬಂಧುಗಳೆಲ್ಲ ಸೈನ್ಸ್ ಎಂದರು. ಅವಳು ಆರ್ಟ್ಸ್ ತೆಗೆದುಕೊಂಡಳು. "ಟೊಪ್ಪಿ ಹೇಳಿದ ಮೇಲೂ ನಮ್ಮನ್ನೊಂದು ಮಾತು ಕೇಳಬೇಕು" ಎಂದು ದೊಡ್ಡವರ ಮುಂದೆ ಅಂದಳಂತೆ. ಟೊಪ್ಪಿ ಯಾವುದೆಂದು ಅಲ್ಲಿದ್ದವರಿಗೆ ತಿಳಿಯಲಿಲ್ಲ. ಈಗ ಇತಿಹಾಸದಲ್ಲಿ ಎಂ.ಎ. ಮಾಡುತ್ತಿದ್ದಾಳೆ. ಮೊನ್ನೆ ಹಳೆಯ ಮೈಸೂರು ಸಂಸ್ಥಾನದ ನಾಣ್ಯಗಳ ಬಗ್ಗೆ ಏನೋ ಬರೆಯಬೇಕೆಂದು ಆಣೆ, ಪೈ ಲೆಕ್ಕ ಕೇಳಲು ನನಗೆ ಫೋನ್ ಮಾಡಿದ್ದಳು.

ಇವತ್ತಿನ ಮಕ್ಕಳಿಗೆ ಇಂಥ ಜೊತೆಗಾರ ತಾಣಗಳು, ಆ್ಯಪ್‌ಗಳು ಬೇಕಾದಷ್ಟಿವೆ. ನಿಮ್ಮ ಮನೆಯ ಮಗು ಕೇಳಿದರೆ ಒಂದೇಟಿಗೆ ಬೇಡವೆನ್ನಬೇಡಿ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು ಎರಡು ಸಂಗತಿ ನೋಡಿ. ಮಗುವಿನ ನಿಜವಾದ ಹೆಸರು, ವಿಳಾಸ, ಚಿತ್ರ ಕೇಳುತ್ತದೆಯೇ? ಆಟ ಮುಗಿದ ಮೇಲೆ ಮಗು ಪುಸ್ತಕದ ಕಡೆ ಹೋಗುತ್ತದೆಯೇ, ಇನ್ನೊಂದು ಆಟದ ಕಡೆಯೇ? ಎರಡಕ್ಕೂ ಸರಿಯಾದ ಉತ್ತರ ಬಂದರೆ ಒಂದು ಹಳೆಯ ಲೆಕ್ಕದ ಪುಸ್ತಕ ಅಟ್ಟದಿಂದ ಇಳಿಸಿ.

ಮಕ್ಕಳೇ, ಈ ಬರಹ ಇಷ್ಟು ದೂರ ಓದಿದ್ದಕ್ಕೆ ನಿಮಗೊಂದು ಲೆಕ್ಕ. ನಿಮ್ಮ ಹತ್ತಿರ 1000 ನಟ್ ಇದೆ. ಗ್ರಿಂಗಾಟ್ಸ್ ಕೌಂಟರಿಗೆ ಕೊಟ್ಟರೆ ಎಷ್ಟು ಗ್ಯಾಲಿಯನ್, ಎಷ್ಟು ಸಿಕಲ್, ಎಷ್ಟು ನಟ್ ವಾಪಸು ಬರಬೇಕು? ಮಧ್ಯದ ನಾಣ್ಯದ ಹತ್ತಿರ ಸ್ವಲ್ಪ ಹುಷಾರು. ಕ್ಯಾಲ್ಕುಲೇಟರ್ ಬೇಡ, ಮನೆಯಲ್ಲಿ ತಾತ ಇದ್ದರೆ ಕೇಳಿ.